ಬೆಳಕಿನ ತಕ್ಕಡಿಯಲ್ಲಿ ದೆಹಲಿಯ ಗಾಳಿ: ಲೇಸರ್ ರಾಡಾರ್ ಮತ್ತು ನಮ್ಮ ಆರೋಗ್ಯ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರಿಂದ ಬಂದ ಗಾದೆ. ಕಣ್ಣು ಕಂಡುದನ್ನು ಕಂಡಂತೆ ತಿಳಿಸುತ್ತದೆ. ಆದರೆ ಕಂಡ ವಸ್ತು ಎಷ್ಟು ದೂರದಲ್ಲಿದೆ, ಎಷ್ಟು ವೇಗದಿಂದ ಚಲಿಸುತ್ತಿದೆ, ನಡುವಣ ಗಾಳಿಯಲ್ಲಿ ಏನು ತುಂಬಿಕೊಂಡಿದೆ ಎಂಬುದನ್ನು ಲೆಕ್ಕ ಹಾಕಿ ಹೇಳಲಾರದು. ಡಿಸೆಂಬರ್ ತಿಂಗಳ ಬೆಳಗಿನಲ್ಲಿ ದ್ವಾರಕೆಯಲ್ಲಾಗಲಿ, ಮಯೂರ ವಿಹಾರದಲ್ಲಾಗಲಿ ಕಿಟಕಿಯನ್ನು ತೆರೆದು ನೋಡಿದವರಿಗೆ ಎದುರಿನ ಕಟ್ಟಡ ಮಸುಕಾಗಿ ತೋರುತ್ತದೆ. ಅದು ಮಂಜೋ, ಹೊಗೆಯೋ, ಧೂಳೋ? ನೆಲದಿಂದ ಎಷ್ಟು ಎತ್ತರದವರೆಗೆ ಹಬ್ಬಿದೆ? ಎಷ್ಟು ಹೊತ್ತಿಗೆ ತಿಳಿಯಾದೀತು? ಇವಕ್ಕೆ ಉತ್ತರ ಕೊಡುವ ಶಕ್ತಿ ಬರಿಗಣ್ಣಿಗಿಲ್ಲ. ಬೆಳಕಿನಿಂದಲೇ ಈ ಪ್ರಮಾಣವನ್ನು ಪಡೆಯುವ ಉಪಾಯವೊಂದನ್ನು ವಿಜ್ಞಾನಿಗಳು ಸಾಧಿಸಿದ್ದಾರೆ. ಅದಕ್ಕೆ ಲೇಸರ್ ರಾಡಾರ್ ಎಂದು ಹೆಸರು. ಸಂಕ್ಷೇಪವಾಗಿ ಲೈಡಾರ್ ಎನ್ನುವರು.

ಗುರಿಯನ್ನು ಪತ್ತೆಹಚ್ಚಿ ಹಿಂಬಾಲಿಸುವ ಈ ಸಾಧನಕ್ಕೂ ಆರೋಗ್ಯ ಲೇಖನಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಸಂಬಂಧವು ತೀರ ಹತ್ತಿರದ್ದು. ಏಕೆಂದರೆ ಇಲ್ಲಿ ಲೇಸರ್ ಕಿರಣದ ಬಹು ಮುಖ್ಯವಾದ ಗುರಿಯೆಂದರೆ ನಾವು ಉಸಿರಾಡುವ ಗಾಳಿಯೇ. ಈ ಲೇಖಕನು ವೈದ್ಯನಲ್ಲ, ಭೌತವಿಜ್ಞಾನಿಯೂ ಅಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವವನು. ಆದರೆ ಕಳುಹಿಸಿದ್ದೆಷ್ಟು, ಮರಳಿ ಬಂದದ್ದೆಷ್ಟು, ನಡುವೆ ನಷ್ಟವಾದದ್ದೆಷ್ಟು ಎಂಬ ಜಮಾಖರ್ಚಿನ ಲೆಕ್ಕವೇ ಲೈಡಾರಿನ ಮರ್ಮವಾಗಿರುವುದರಿಂದ ಅದನ್ನು ವಿವರಿಸುವ ಧೈರ್ಯ ಮಾಡಲಾಗಿದೆ.

ಬೆಳಕಿನ ಪ್ರತಿಧ್ವನಿ

ಬೆಟ್ಟದ ಎದುರು ನಿಂತು ಕೂಗಿದರೆ ತುಸು ತಡೆದು ಪ್ರತಿಧ್ವನಿ ಕೇಳಿಸುವುದು. ಆ ತಡವನ್ನು ಅಳೆದರೆ ಬೆಟ್ಟದ ದೂರವನ್ನು ತಿಳಿಯಬಹುದು. ರಾಡಾರ್ ಇದನ್ನೇ ರೇಡಿಯೋ ಅಲೆಗಳಿಂದ ಮಾಡುತ್ತದೆ. ಲೇಸರ್ ರಾಡಾರ್ ಬೆಳಕಿನಿಂದ ಮಾಡುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವುದು. ಕುತುಬ್ ಮಿನಾರಿನ ಎತ್ತರ 72.5 ಮೀಟರ್. ಅದರ ಬುಡದಿಂದ ಹೊರಟ ಬೆಳಕಿನ ಮಿಡಿತವೊಂದು ತುದಿಯನ್ನು ಮುಟ್ಟಿ ಮರಳಲು ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದಾಗ ಬರುವ ಒಂದು ಪಾಲಿನ ಅರ್ಧದಷ್ಟು ಕಾಲವೂ ಬೇಕಾಗುವುದಿಲ್ಲ. ಇಷ್ಟು ಅಲ್ಪ ಕಾಲವನ್ನು ಎಣಿಸಬಲ್ಲ ವಿದ್ಯುನ್ಮಾನ ಗಡಿಯಾರಗಳು ಇಂದು ಇವೆ. ಆದುದರಿಂದ ಲೇಸರಿನಿಂದ ದೂರವನ್ನು ಸೆಂಟಿಮೀಟರುಗಳ ಮಟ್ಟಿಗೂ ಅಳೆಯಬಹುದಾಗಿದೆ.

ಹಾಗಾದರೆ ರಾಡಾರ್ ಇದ್ದಮೇಲೆ ಲೇಸರ್ ಏತಕ್ಕೆ? ಸಾಮಾನ್ಯ ರಾಡಾರಿನ ಅಲೆಯ ಉದ್ದ ಸೆಂಟಿಮೀಟರುಗಳಲ್ಲಿರುತ್ತದೆ. ಅದು ವಿಮಾನವನ್ನೂ ಮಳೆಹನಿಯನ್ನೂ ಕಾಣಬಲ್ಲುದು. ಆದರೆ ಹೊಗೆಯ ಸೂಕ್ಷ್ಮ ಕಣವು ಅದಕ್ಕೆ ಇದ್ದೂ ಇಲ್ಲದಂತೆ. ಬೆಳಕಿನ ಅಲೆಯಾದರೋ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಹೊಗೆ ಧೂಳುಗಳ ಕಣಗಳೂ ಹೆಚ್ಚುಕಡಿಮೆ ಅದೇ ಗಾತ್ರದವು. ಆದಕಾರಣ ಬೆಳಕು ಅವುಗಳಿಗೆ ತಗುಲಿ ಚದುರುತ್ತದೆ. ಚದುರಿದುದರಲ್ಲಿ ಒಂದು ಸಣ್ಣ ಅಂಶ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಈ ವಿಚಾರ ಲೇಸರಿಗಿಂತಲೂ ಹಳೆಯದು. ಪ್ರಬಲವಾದ ದೀಪದ ಕಿರಣವನ್ನು ಆಕಾಶಕ್ಕೆ ಹಾಯಿಸಿ ಮೇಲಣ ವಾತಾವರಣವನ್ನು ಅರಿಯಬಹುದೆಂದು ಐರ್ಲೆಂಡಿನ ಇ. ಎಚ್. ಸಿಂಜ್ ಎಂಬವನು 1930ರಲ್ಲೇ ಸೂಚಿಸಿದ್ದನು. ಆದರೆ ಸಾಮಾನ್ಯ ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ನನು ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊಮ್ಮಿಸಿದ ಮೇಲೆ ಆ ತೊಡಕು ನೀಗಿತು. 1962ರಲ್ಲಿ ಫಿಯೊಕ್ಕೊ ಮತ್ತು ಸ್ಮಲಿನ್ ಎಂಬ ವಿಜ್ಞಾನಿಗಳು ಲೇಸರ್ ಬೆಳಕನ್ನು ಚಂದ್ರನವರೆಗೆ ಕಳುಹಿಸಿ ಅದರ ಪ್ರತಿಫಲನವನ್ನು ಪಡೆದರು. ಮರುವರ್ಷವೇ ವಾತಾವರಣದ ಮೇಲಣ ಕಣಗಳನ್ನು ಲೇಸರಿನಿಂದ ಗುರುತಿಸಿದರು. ಗಾಳಿಯನ್ನು ಗುರಿಯಾಗಿಸುವ ವಿದ್ಯೆ ಹೀಗೆ ಮೊದಲಾಯಿತು.

ಓಡುವ ಗುರಿಯ ಬೆನ್ನಟ್ಟುವಿಕೆ

ನಿಂತ ವಸ್ತುವಿನ ದೂರವನ್ನು ಒಂದು ಮಿಡಿತದಿಂದ ತಿಳಿಯಬಹುದು. ಚಲಿಸುವ ವಸ್ತುವಾದರೆ ಮಿಡಿತಗಳನ್ನು ಒಂದರ ಹಿಂದೊಂದು ಕಳುಹಿಸಬೇಕು. ಮೊದಲ ಮಿಡಿತ ಹೇಳಿದ ದೂರಕ್ಕೂ ಮರುಮಿಡಿತ ಹೇಳಿದ ದೂರಕ್ಕೂ ಇರುವ ವ್ಯತ್ಯಾಸವನ್ನು ನಡುವಣ ಕಾಲದಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ಹೆದ್ದಾರಿಯ ಬದಿಯಲ್ಲಿ ನಿಂತ ಸಂಚಾರ ಪೊಲೀಸರು ಕಾರಿನತ್ತ ಹಿಡಿಯುವ ಲೇಸರ್ ವೇಗಮಾಪಕ ಮಾಡುವ ಲೆಕ್ಕ ಇಷ್ಟೇ.

ಇನ್ನು ದಿಕ್ಕಿನ ಮಾತು. ಮರಳಿ ಬಂದ ಬೆಳಕು ಒಂದು ವೃತ್ತಾಕಾರದ ಗ್ರಾಹಕದ ಮೇಲೆ ಬೀಳುತ್ತದೆ. ಆ ಗ್ರಾಹಕವನ್ನು ಹೋಳಿಗೆಯನ್ನು ಕತ್ತರಿಸಿದಂತೆ ನಾಲ್ಕು ಭಾಗ ಮಾಡಿರುತ್ತಾರೆ. ನಾಲ್ಕು ಭಾಗಗಳಿಗೂ ಸಮನಾದ ಬೆಳಕು ಬಿದ್ದರೆ ಗುರಿ ನೇರವಾಗಿ ಎದುರಿಗಿದೆ ಎಂದರ್ಥ. ಒಂದು ಭಾಗಕ್ಕೆ ಹೆಚ್ಚು ಬಿದ್ದಿತೆಂದರೆ ಗುರಿ ಆ ಬದಿಗೆ ಸರಿದಿದೆ. ಯಂತ್ರವು ಒಡನೆಯೇ ತನ್ನ ಮುಖವನ್ನು ತಿರುಗಿಸಿ ನಾಲ್ಕನ್ನೂ ಸಮ ಮಾಡಿಕೊಳ್ಳುತ್ತದೆ. 1999ರ ಜೂನ್ 24ರಂದು ಕಾರ್ಗಿಲ್ ಯುದ್ಧದಲ್ಲಿ ನಮ್ಮ ವಾಯುಪಡೆಯ ಮಿರಾಜ್ ವಿಮಾನವು ಟೈಗರ್ ಹಿಲ್ಲಿನ ಮೇಲೆ ಪ್ರಯೋಗಿಸಿದ ಬಾಂಬು ಲೇಸರ್ ಚುಕ್ಕೆಯನ್ನು ಹಿಂಬಾಲಿಸಿ ಇಳಿದ ಬಾಂಬು. ದೆಹಲಿಯ ಮೆಟ್‌ಕಾಫ್ ಹೌಸ್ ಆವರಣದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಲೇಸರುಗಳ ಕುರಿತು ಹಲವು ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ಇದೇ ವಿದ್ಯೆ ಶಸ್ತ್ರಚಿಕಿತ್ಸೆಯ ಕೊಠಡಿಗೂ ಬಂದಿದೆ. ಕನ್ನಡಕವನ್ನು ಬಿಡಿಸಲೆಂದು ಕಣ್ಣಿನ ಹೊರಪಟಲವಾದ ಕಾರ್ನಿಯಾವನ್ನು ಲೇಸರಿನಿಂದ ತಿದ್ದುವಾಗ ರೋಗಿಯ ಕಣ್ಣು ಕ್ಷಣಕ್ಷಣಕ್ಕೂ ಕದಲುತ್ತದೆ. ಅದನ್ನು ತಡೆಯುವುದು ರೋಗಿಯ ಕೈಯಲ್ಲಿಲ್ಲ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಲಾಡಾರ್‌ವಿಷನ್' ಎಂಬ ಯಂತ್ರವು ಸೆಕೆಂಡಿಗೆ 4,000 ಬಾರಿ ಕಣ್ಣಿನ ಸ್ಥಾನವನ್ನು ಲೇಸರ್ ರಾಡಾರಿನಿಂದ ಅಳೆದು ಚಿಕಿತ್ಸೆಯ ಕಿರಣವನ್ನು ಅದಕ್ಕೆ ತಕ್ಕಂತೆ ಸರಿಸುತ್ತಿತ್ತು.

ದೂರದ ಗುರಿಗಳ ಮಾತು ಬಂದಾಗ ಬೆಂಗಳೂರನ್ನು ನೆನೆಯದಿರಲಾಗದು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ನೌಕೆಯಲ್ಲಿ ಚಂದ್ರನ ಬೆಟ್ಟ ಕಣಿವೆಗಳ ಎತ್ತರವನ್ನು ಅಳೆಯಲು ಒಂದು ಲೇಸರ್ ಉಪಕರಣವಿತ್ತು. ಸೆಕೆಂಡಿಗೆ 10 ಮಿಡಿತಗಳನ್ನು ಕಳುಹಿಸುತ್ತಿದ್ದ ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ವಿದ್ಯುತ್-ದ್ಯುತಿ ಪ್ರಯೋಗಾಲಯ. ಮುಂದೆ 2023ರಲ್ಲಿ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತಷ್ಟೆ. ಅದರ ಮೇಲಿದ್ದ ಅಂಗೈಗಿಂತಲೂ ಚಿಕ್ಕದಾದ ಪ್ರತಿಫಲಕಕ್ಕೆ ಅದೇ ವರ್ಷದ ಡಿಸೆಂಬರ್ 12ರಂದು ಅಮೆರಿಕದ ಉಪಗ್ರಹವೊಂದು ಸುಮಾರು 100 ಕಿಲೋಮೀಟರ್ ದೂರದಿಂದ ಲೇಸರ್ ಹಾಯಿಸಿ ಮಾರುತ್ತರವನ್ನು ಪಡೆಯಿತು.

ಗಾಳಿಯೇ ಗುರಿಯಾದಾಗ

ಚಂದ್ರನಲ್ಲಿ ಗಾಳಿಯಿಲ್ಲ, ಅಲ್ಲಿ ಬೆಳಕಿಗೆ ಅಡ್ಡಿಯೂ ಇಲ್ಲ. ಭೂಮಿಯ ಮೇಲಾದರೋ ಬೆಳಕು ಹೆಜ್ಜೆ ಹೆಜ್ಜೆಗೂ ಸುಂಕ ತೆರುತ್ತಾ ಸಾಗಬೇಕು. ಸೇನೆಯವರಿಗೆ ಈ ಸುಂಕ ಒಂದು ತೊಂದರೆ; ವಾತಾವರಣವನ್ನು ಅಭ್ಯಸಿಸುವವರಿಗೆ ಅದೇ ಸಂಪಾದನೆ. ಲೇಸರನ್ನು ನೇರವಾಗಿ ಮೇಲಕ್ಕೆ ಹಾಯಿಸಿ, ಮರಳುವ ಬೆಳಕನ್ನು ದೂರದರ್ಶಕದಿಂದ ಸಂಗ್ರಹಿಸಿ, ಯಾವ ಕ್ಷಣದಲ್ಲಿ ಎಷ್ಟು ಮರಳಿತೆಂದು ಬರೆದಿಟ್ಟುಕೊಂಡರೆ, ಯಾವ ಎತ್ತರದಲ್ಲಿ ಎಷ್ಟು ಕಣಗಳಿವೆ ಎಂಬ ಪಟ್ಟಿಯೇ ಸಿದ್ಧವಾಗುತ್ತದೆ. ಬೇಗ ಮರಳಿದ ಬೆಳಕು ಕೆಳಗಣ ಪದರದ್ದು. ತಡವಾಗಿ ಮರಳಿದ್ದು ಮೇಲಣ ಪದರದ್ದು.

ಕಣ ಯಾವ ಜಾತಿಯದೆಂಬುದನ್ನೂ ಸ್ವಲ್ಪಮಟ್ಟಿಗೆ ಹೇಳಬಹುದು. ಲೇಸರ್ ಬೆಳಕು ಒಂದೇ ನೇರದಲ್ಲಿ ಕಂಪಿಸುವಂತೆ ಮಾಡಿ ಕಳುಹಿಸಿದರೆ, ಗುಂಡಗಿರುವ ನೀರಿನ ಹನಿಗೆ ತಗುಲಿ ಮರಳುವಾಗ ಅದರ ಕಂಪನದ ನೇರ ಹೆಚ್ಚಾಗಿ ಕೆಡುವುದಿಲ್ಲ. ಅಂಕುಡೊಂಕಾದ ಮರಳುಗಾಡಿನ ಧೂಳಿಗೆ ತಗುಲಿದರೆ ಕೆಡುತ್ತದೆ. ಮೇ ತಿಂಗಳಲ್ಲಿ ರಾಜಸ್ಥಾನದ ಕಡೆಯಿಂದ ಬೀಸುವ ಆಂಧಿಯ ಧೂಳನ್ನೂ, ಚಳಿಗಾಲದ ಹೊಗೆಮಂಜನ್ನೂ ಹೀಗೆ ಬೇರ್ಪಡಿಸಿ ನೋಡಲು ಸಾಧ್ಯವಾಗಿದೆ. ಪೂಸಾ ಪ್ರದೇಶದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ದೆಹಲಿಯ ಮೇಲಣ ಕಣಪದರಗಳನ್ನು ಲೈಡಾರ್ ನೆರವಿನಿಂದ ಅಭ್ಯಸಿಸಿದ್ದಾರೆ. ಬಾಹ್ಯಾಕಾಶದಿಂದಲೂ ಈ ಕೆಲಸ ನಡೆದಿದೆ. 2006ರ ಏಪ್ರಿಲಿನಲ್ಲಿ ಹಾರಿದ ಕ್ಯಾಲಿಪ್ಸೊ ಉಪಗ್ರಹವು 2023ರವರೆಗೆ ಜಗತ್ತಿನ ಗಾಳಿಯನ್ನು ಮೇಲಿನಿಂದ ಲೇಸರ್ ಹಾಯಿಸಿ ಸೀಳಿ ನೋಡಿತು. ಪಂಜಾಬಿನಿಂದ ಬಂಗಾಳದವರೆಗೆ ಗಂಗೆಯ ಬಯಲಿನ ಮೇಲೆ ಹಾಸಿಕೊಂಡಿರುವ ಮಬ್ಬನ್ನು ಅದು ಸ್ಪಷ್ಟವಾಗಿ ತೋರಿಸಿತು. 2024ರ ಮೇ ತಿಂಗಳಲ್ಲಿ ಯೂರೋಪ್ ಮತ್ತು ಜಪಾನ್ ಕೂಡಿ ಹಾರಿಸಿದ ಅರ್ಥ್‌ಕೇರ್ ಉಪಗ್ರಹದಲ್ಲಿಯೂ ಇಂತಹುದೇ ಲೈಡಾರ್ ಇದೆ.

ರನ್‌ವೇಯ ಬದಿಯ 'ದೃಷ್ಟಿ'

ಬೆಳಕಿನ ನಷ್ಟವನ್ನು ಅಳೆಯುವುದರಿಂದ ಜೀವಗಳು ಹೇಗೆ ಉಳಿಯುತ್ತವೆ ಎಂಬುದಕ್ಕೆ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣವೇ ಸಾಕ್ಷಿ. ಸೂಕ್ತ ಉಪಕರಣಗಳೂ ತರಬೇತಾದ ಚಾಲಕರೂ ಇದ್ದರೆ ಇಲ್ಲಿ 50 ಮೀಟರ್ ಮಾತ್ರ ಕಾಣಿಸುವ ಮಂಜಿನಲ್ಲಿಯೂ ವಿಮಾನವನ್ನು ಇಳಿಸಬಹುದು. ಆದರೆ 50 ಮೀಟರ್ ಕಾಣುತ್ತಿದೆ ಎಂದು ಹೇಳುವವರು ಯಾರು? ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯು ಇದಕ್ಕಾಗಿ ರೂಪಿಸಿದ ಉಪಕರಣದ ಹೆಸರು 'ದೃಷ್ಟಿ'. ಭಾರತ ಹವಾಮಾನ ಇಲಾಖೆಯೊಡನೆ 2014ರಲ್ಲಿ ಒಪ್ಪಂದ ಮಾಡಿಕೊಂಡು ಅದನ್ನು ದೇಶದ ವಿಮಾನ ನಿಲ್ದಾಣಗಳಿಗೆ ಒದಗಿಸಲಾಯಿತು. ಈ ಸಂಸ್ಥೆ 1959ರಲ್ಲಿ ದೆಹಲಿಯಲ್ಲೇ ಆರಂಭವಾಗಿ ಮರುವರ್ಷ ಬೆಂಗಳೂರಿಗೆ ಹೋದುದು. ಇಲ್ಲಿ ಹುಟ್ಟಿ ನಮ್ಮ ನಾಡಿನಲ್ಲಿ ಬೆಳೆದ ಸಂಸ್ಥೆಯು ದೆಹಲಿಯ ಮಂಜಿಗೆ ಕಣ್ಣನ್ನು ಕಳುಹಿಸಿಕೊಟ್ಟಿತೆಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

'ದೃಷ್ಟಿ' ಲೈಡಾರ್ ಅಲ್ಲ. ಅದರ ಹತ್ತಿರದ ಬಂಧು. ಇದರಲ್ಲಿ ಬೆಳಕು ಮರಳಿ ಬರಬೇಕಾಗಿಲ್ಲ. ಒಂದು ಕಂಬದಿಂದ ಹೊರಟ ಬೆಳಕು ಎದುರಿನ ಕಂಬದ ಗ್ರಾಹಕಕ್ಕೆ ಎಷ್ಟು ತಲಪಿತೆಂಬುದನ್ನು ನೋಡಲಾಗುತ್ತದೆ. ಬೆಳಕು ಗಾಳಿಯಲ್ಲಿ ಕ್ಷಯಿಸುವ ಬಗೆ ಲೆಕ್ಕಶಾಸ್ತ್ರದಲ್ಲಿ ಯಂತ್ರಗಳ ಬೆಲೆಗೆ ಇಳಿಕೆಯ ಶಿಲ್ಕಿನ ಮೇಲೆ ಸವಕಳಿ ಹಾಕಿದಂತೆಯೇ ಇರುತ್ತದೆ. ಪ್ರತಿ 30 ಮೀಟರಿಗೆ ಶೇಕಡ 10ರಷ್ಟು ನಷ್ಟವಾಗುವ ಗಾಳಿಯಿದೆ ಎನ್ನೋಣ. 100 ಇದ್ದುದು 90 ಆಗುತ್ತದೆ, ಮುಂದೆ 81, ಆಮೇಲೆ 72.9. ಮೂಲ ಬೆಳಕಿನ ಶೇಕಡ 5 ಮಾತ್ರ ಉಳಿಯುವ ದೂರವನ್ನು ಹವಾಮಾನಶಾಸ್ತ್ರಜ್ಞರು ಗೋಚರತೆಯ ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಈ ಗಾಳಿಯಲ್ಲಿ ಅದು ಸುಮಾರು 850 ಮೀಟರಿಗೆ ಬರುತ್ತದೆ. ಅದೇ 30 ಮೀಟರಿನಲ್ಲಿ ಅರ್ಧ ಬೆಳಕೇ ನಷ್ಟವಾದರೆ 130 ಮೀಟರಿಗೆಲ್ಲ ಮುಗಿಯಿತು. ಎರಡು ಕಂಬಗಳ ನಡುವಣ ಅಳತೆಯಿಂದ ಇಡೀ ರನ್‌ವೇಯ ಗೋಚರತೆಯನ್ನು ಹೇಳುವ ಗುಟ್ಟು ಇದು. ರನ್‌ವೇಯ ದೀಪಗಳ ಪ್ರಖರತೆಯನ್ನೂ ಸುತ್ತಲಿನ ಬೆಳಕನ್ನೂ ಇದರ ಜೊತೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ.

ಪಾತ್ರೆಯ ಮುಚ್ಚಳ ಎಷ್ಟು ಎತ್ತರದಲ್ಲಿದೆ?

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಬೇಸಿಗೆಯ ಹಗಲಿನಲ್ಲಿ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ, ಊರಿನ ಹೊಗೆಯನ್ನೆಲ್ಲ ಎರಡು ಮೂರು ಕಿಲೋಮೀಟರ್ ಎತ್ತರದವರೆಗೆ ಕಲಕಿ ಹಂಚಿಬಿಡುತ್ತದೆ. ಚಳಿಗಾಲದ ರಾತ್ರಿಯಲ್ಲಿ ಇದಕ್ಕೆ ವಿರುದ್ಧ. ನೆಲವು ಬೇಗ ತಣ್ಣಗಾಗಿ ತನಗೆ ತಾಗಿದ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಭಾರವಾದ ತಣ್ಣನೆಯ ಗಾಳಿ ಕೆಳಗೆ, ಹಗುರವಾದ ಬೆಚ್ಚನೆಯ ಗಾಳಿ ಮೇಲೆ ನಿಲ್ಲುತ್ತದೆ. ಬೆಚ್ಚನೆಯ ಆ ಪದರವೇ ಮುಚ್ಚಳ. ವಾಹನಗಳ ಹೊಗೆ, ಕಸ ಸುಟ್ಟ ಹೊಗೆ, ಅಡಿಗೆಯ ಹೊಗೆ ಎಲ್ಲವೂ ಅದರ ಕೆಳಗೆ ಸಿಕ್ಕಿಬೀಳುತ್ತವೆ.

ಈ ಮುಚ್ಚಳದ ಎತ್ತರವನ್ನು ಕ್ಷಣಕ್ಷಣಕ್ಕೂ ತೋರಿಸಬಲ್ಲ ಸಾಧನಗಳಲ್ಲಿ ಲೈಡಾರ್ ಪ್ರಮುಖವಾದುದು. ಮುಚ್ಚಳದ ಕೆಳಗೆ ಕಣಗಳು ದಟ್ಟವಾಗಿ, ಮೇಲೆ ವಿರಳವಾಗಿ ಇರುವುದರಿಂದ ಮರಳುವ ಬೆಳಕು ಅಲ್ಲಿ ಒಮ್ಮೆಲೇ ಕುಗ್ಗುತ್ತದೆ. ಮೋಡದ ಬುಡವನ್ನು ಅಳೆಯುವ ಸೀಲೋಮೀಟರ್ ಎಂಬ ಸಣ್ಣ ಲೈಡಾರ್ ಕೂಡ ಇದಕ್ಕೆ ಸಹಾಯಕ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು 2015-16ರ ಚಳಿಗಾಲದಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ಆರಂಭಿಸಿದ ಮಂಜಿನ ಅಧ್ಯಯನದಲ್ಲಿ ಇಂತಹ ಹಲವು ಉಪಕರಣಗಳನ್ನು ಬಳಸಿಕೊಂಡಿತು.

ಗಣಿತ ಸರಳವಾಗಿದೆ. ಹೊಗೆಯ ಪ್ರಮಾಣ ಒಂದೇ ಎನ್ನೋಣ. ಮುಚ್ಚಳವು 1,500 ಮೀಟರ್ ಎತ್ತರದಲ್ಲಿದ್ದರೆ ಅದು ತೆಳ್ಳಗೆ ಹರಡುತ್ತದೆ. ಅದೇ ಮುಚ್ಚಳ 300 ಮೀಟರಿಗೆ, ಅಂದರೆ ಒಂದರ ಮೇಲೊಂದು ನಿಲ್ಲಿಸಿದ ನಾಲ್ಕು ಕುತುಬ್ ಮಿನಾರುಗಳ ಎತ್ತರಕ್ಕೆ ಇಳಿದರೆ, ನಮ್ಮ ಪಾಲಿನ ಹೊಗೆ ಐದು ಪಟ್ಟಾಗುತ್ತದೆ. ಒಂದು ಹೊಗೆಕೊಳವೆಯೂ ಹೆಚ್ಚಾಗದೆ, ಒಂದು ವಾಹನವೂ ಹೆಚ್ಚು ಓಡದೆ ಗಾಳಿ ಐದು ಪಟ್ಟು ಕೆಡಬಹುದು. ಇದರ ಜೊತೆಗೆ ಅಡ್ಡಲಾಗಿ ಬೀಸುವ ಗಾಳಿಯ ವೇಗವನ್ನೂ ನೋಡಬೇಕು. ಮುಚ್ಚಳದ ಎತ್ತರವನ್ನು ಮೀಟರಿನಲ್ಲಿಯೂ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದೂ ತೆಗೆದುಕೊಂಡು ಗುಣಿಸಿದರೆ ಬರುವ ಸಂಖ್ಯೆಗೆ ವಾತಾಯನ ಸೂಚ್ಯಂಕ ಎನ್ನುತ್ತಾರೆ. ದೆಹಲಿಯ ವಾಯುಗುಣ ಮುನ್ಸೂಚನೆಯಲ್ಲಿ ಈ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಅದು 6,000ಕ್ಕಿಂತ ಕಡಿಮೆಯಿದ್ದು, ಗಾಳಿಯ ಸರಾಸರಿ ವೇಗ ಗಂಟೆಗೆ 10 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಹೊಗೆ ಚದುರಲು ಪ್ರತಿಕೂಲವೆಂದು ತಿಳಿಯಬೇಕು. ಮುಚ್ಚಳ 1,000 ಮೀಟರ್, ಗಾಳಿ ಸೆಕೆಂಡಿಗೆ 2 ಮೀಟರ್ ಇದ್ದರೆ ಸೂಚ್ಯಂಕ 2,000 ಮಾತ್ರ. ಅಂತಹ ದಿನ ಎಚ್ಚರ ಅಗತ್ಯ.

ಇದರಿಂದ ಹೊರಡುವ ತಾತ್ಪರ್ಯವು ಬಹುಮಟ್ಟಿಗೆ ನಮ್ಮ ಹಿರಿಯರಿಗೆ ಸಂಬಂಧಿಸಿದುದು. ಮೈಸೂರಿನಿಂದಲೋ, ಧಾರವಾಡದಿಂದಲೋ ಮಕ್ಕಳು ಮೊಮ್ಮಕ್ಕಳ ಜೊತೆ ಇರಲು ಬರುವ ತಂದೆತಾಯಿಗಳು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ವಾಯುಸೇವನೆಗೆ ಹೊರಡುವುದು ವಾಡಿಕೆ. ಊರಿನಲ್ಲಿ ಅದು ಒಳ್ಳೆಯ ಅಭ್ಯಾಸವೇ. ಆದರೆ ದೆಹಲಿಯ ನವೆಂಬರಿನಿಂದ ಜನವರಿಯವರೆಗೆ ಆ ಹೊತ್ತಿನಲ್ಲೇ ಮುಚ್ಚಳ ಅತಿ ಕೆಳಗಿರುತ್ತದೆ. ಸೂರ್ಯೋದಯವಾದೊಡನೆ ಗಾಳಿ ಶುದ್ಧವಾಗುವುದಿಲ್ಲ. ನೆಲ ಕಾಯಲು ಹಲವು ಗಂಟೆ ಬೇಕು, ಅಷ್ಟರಲ್ಲಿ ಕಚೇರಿಗೆ ಹೋಗುವ ವಾಹನಗಳ ಹೊಗೆಯೂ ಸೇರುತ್ತದೆ. ಮಧ್ಯಾಹ್ನ 12ರಿಂದ 4ರವರೆಗಿನ ಅವಧಿಯೇ ಸಾಮಾನ್ಯವಾಗಿ ಮೇಲು. ಸಂಜೆ ಮುಚ್ಚಳ ಮತ್ತೆ ಇಳಿಯತೊಡಗುತ್ತದೆ.

2.5 ಮೈಕ್ರಾನಿಗಿಂತ ಚಿಕ್ಕದಾದ ಕಣಗಳೇ ಶ್ವಾಸಕೋಶಕ್ಕೆ ಹೆಚ್ಚು ಅಪಾಯಕರ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂದರೆ ಇವುಗಳ ಗಾತ್ರವನ್ನು ಊಹಿಸಬಹುದು. ಇವು ಶ್ವಾಸಕೋಶದ ಆಳದ ಗಾಳಿಚೀಲಗಳವರೆಗೂ ಇಳಿಯುತ್ತವೆ. ಉಬ್ಬಸ, ಹೃದಯಾಘಾತ, ಪಾರ್ಶ್ವವಾಯುಗಳಿಗೆ ಎಡೆ ಮಾಡಿಕೊಡುತ್ತವೆ. ದಿನವೊಂದರ ಸರಾಸರಿಯಲ್ಲಿ ಘನಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದೆಂಬುದು 2009ರಲ್ಲಿ ಭಾರತವು ಗೊತ್ತುಪಡಿಸಿದ ಮಿತಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಟ್ಟ 15 ಮಾತ್ರ.

ಮನೆಯೊಳಗಿನ ಪುಟ್ಟ ಬೆಳಕುಗಳು

ಬೆಳಕಿನ ಈ ವಿದ್ಯೆ ಈಗ ನಮ್ಮ ಮನೆಗಳನ್ನೂ ಹೊಕ್ಕಿದೆ. ಅನೇಕರ ಮನೆಯಲ್ಲಿ ಗಾಳಿ ಶುದ್ಧೀಕರಿಸುವ ಯಂತ್ರದ ಮುಖದ ಮೇಲೆ ಒಂದು ಸಂಖ್ಯೆ ಮಿನುಗುತ್ತದೆ. ಇಂತಹ ಬಹುಪಾಲು ಯಂತ್ರಗಳೊಳಗೆ ಸಣ್ಣದೊಂದು ಲೇಸರ್ ಅಥವಾ ದೀಪವಿರುತ್ತದೆ. ಒಳಹೊಕ್ಕ ಕಣ ಆ ಕಿರಣವನ್ನು ಹಾಯುವಾಗ ಚದುರಿದ ಬೆಳಕನ್ನು ಎಣಿಸಿ ಯಂತ್ರವು ಅಂದಾಜು ಹೇಳುತ್ತದೆ. ದಟ್ಟ ಮಂಜಿನ ದಿನ ಕಿಟಕಿ ತೆರೆದಿದ್ದರೆ ನೀರಿನ ಹನಿಯನ್ನೂ ಕಣವೆಂದೇ ಎಣಿಸಿ ಹೆಚ್ಚಿಗೆ ಹೇಳಬಹುದು.

ಕೋವಿಡ್ ಹಬ್ಬಿದ 2020-21ರಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಕೂಡ ಇದೇ ಕುಟುಂಬದ್ದು. ಅದು ಬೆರಳಿನ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ, ಎರಡರಲ್ಲಿ ಎಷ್ಟೆಷ್ಟು ನಷ್ಟವಾಯಿತೆಂಬುದರಿಂದ ರಕ್ತದಲ್ಲಿನ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ಜಪಾನಿನ ತಕುವೊ ಅಒಯಾಗಿ 1970ರ ದಶಕದಲ್ಲಿ ಇದರ ತತ್ವವನ್ನು ಕಂಡುಹಿಡಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಇಟ್ಟುಕೊಂಡು ಮಲಗುವವರು ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಬಲಿಯಾದ ಸುದ್ದಿ ಉತ್ತರ ಭಾರತದ ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇರುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣಗಳನ್ನು ಎಣಿಸುವ ಲೇಸರಿಗೆ ಅದು ಕಾಣುವುದಿಲ್ಲ. ಅದಕ್ಕಿಂತಲೂ ಅಪಾಯದ ಸಂಗತಿಯೆಂದರೆ, ಆ ಅನಿಲವನ್ನು ಹೊತ್ತ ರಕ್ತವನ್ನು ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕ ತುಂಬಿದ ರಕ್ತವೆಂದೇ ಭ್ರಮಿಸುತ್ತದೆ. ರೋಗಿ ಪ್ರಜ್ಞೆ ತಪ್ಪುತ್ತಿದ್ದರೂ ಉಪಕರಣ 98 ಎಂದು ತೋರಿಸಬಹುದು. ಆದುದರಿಂದ ಅಂಗೀಠಿಯಿದ್ದ ಕೋಣೆಯಲ್ಲಿ ತಲೆನೋವು, ವಾಂತಿ, ಮಂಪರು ಕಂಡರೆ ಸಂಖ್ಯೆಯನ್ನು ನೋಡುತ್ತ ಕೂರದೆ ಬಾಗಿಲು ತೆರೆದು ಹೊರಗೆ ಕರೆತಂದು ಆಸ್ಪತ್ರೆಗೆ ಸಾಗಿಸಬೇಕು.

ಕಣ್ಣಿಗೆ ಲೇಸರಿನ ಅಪಾಯ

ಅಳೆಯುವ ಬೆಳಕೇ ಸುಡುವ ಬೆಳಕೂ ಆಗಬಲ್ಲುದು. ಕಣ್ಣಿನ ಮಸೂರವು ಲೇಸರ್ ಕಿರಣವನ್ನು ಹಿಂಬದಿಯ ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಕೇಂದ್ರೀಕರಿಸುತ್ತದೆ. ಅಲ್ಲಿ ಅದರ ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. ಒಂದು ಮಿಲಿವಾಟಿಗಿಂತ ಕಡಿಮೆ ಶಕ್ತಿಯ ಕಿರಣವಾದರೆ ರೆಪ್ಪೆ ಮುಚ್ಚುವುದರೊಳಗೆ ಹಾನಿಯಾಗದು. ಐದು ಮಿಲಿವಾಟಿಗಿಂತ ಹೆಚ್ಚಾದರೆ ರೆಪ್ಪೆ ಮುಚ್ಚುವಷ್ಟರಲ್ಲೇ ಅಕ್ಷಿಪಟಲ ಸುಡುವ ಅಪಾಯವಿದೆ. ಕಣ್ಣಿಗೆ ಕಾಣದ ಅವಕೆಂಪು ಲೇಸರಿಗೆ ರೆಪ್ಪೆ ಮುಚ್ಚುವುದೇ ಇಲ್ಲ. ಆದಕಾರಣವೇ ಹಲವು ಲೈಡಾರುಗಳಲ್ಲಿ 1,550 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಆರಿಸಿಕೊಳ್ಳುತ್ತಾರೆ. ಅದು ಕಣ್ಣಿನ ಮುಂಭಾಗದಲ್ಲೇ ಹೀರಲ್ಪಟ್ಟು ಅಕ್ಷಿಪಟಲವನ್ನು ಮುಟ್ಟುವುದಿಲ್ಲ.

ಶತ್ರುವನ್ನು ಶಾಶ್ವತವಾಗಿ ಕುರುಡಾಗಿಸುವ ಲೇಸರ್ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಡಂಬಡಿಕೆ 1995ರಲ್ಲಿ ಆಯಿತು. ಭಾರತವೂ ಅದಕ್ಕೆ ಬದ್ಧವಾಗಿದೆ. ಯುದ್ಧರಂಗದಲ್ಲಿಯೂ ಸಲ್ಲದೆಂದು ಜಗತ್ತು ಒಪ್ಪಿಕೊಂಡ ಕೇಡನ್ನು ಬಜಾರಿನಲ್ಲಿ ದೊರೆಯುವ ಹಸಿರು ಲೇಸರ್ ಕಡ್ಡಿಯ ರೂಪದಲ್ಲಿ ನಾವೇ ಮಕ್ಕಳ ಕೈಗೆ ಕೊಡುವುದು ಎಷ್ಟು ಸರಿ? ಆ ಕಡ್ಡಿಗಳ ಮೇಲೆ ಬರೆದ ಶಕ್ತಿಯ ಪ್ರಮಾಣ ನಂಬಲರ್ಹವಾಗಿರುವುದಿಲ್ಲ. ಅಕ್ಷಿಪಟಲದ ನಡುವೆ ಆದ ಸುಟ್ಟಗಾಯಕ್ಕೆ ಖಚಿತವಾದ ಚಿಕಿತ್ಸೆ ಇಲ್ಲ. ವಿಮಾನ ನಿಲ್ದಾಣದ ಸುತ್ತಮುತ್ತ ಇಳಿಯುವ ವಿಮಾನದತ್ತ ಇಂತಹ ಕಿರಣವನ್ನು ಹಾಯಿಸಿದರೆ ಚಾಲಕನ ಕಣ್ಣು ಕತ್ತಲಿಟ್ಟು ನೂರಾರು ಜೀವಗಳಿಗೆ ಆಪತ್ತು ಬರಬಹುದು.

ಪಾಲಿಸಬೇಕಾದ ಕೆಲವು ಸೂಚನೆಗಳು

1. ನವೆಂಬರಿನಿಂದ ಜನವರಿಯವರೆಗೆ ಹಿರಿಯರೂ, ಉಬ್ಬಸ ಅಥವಾ ಹೃದ್ರೋಗ ಇರುವವರೂ ಮುಂಜಾನೆಯ ನಡಿಗೆಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳಬೇಕು. ಗಾಳಿ ತೀರ ಕೆಟ್ಟ ದಿನಗಳಲ್ಲಿ ಮನೆಯೊಳಗೇ ಅಡ್ಡಾಡುವುದು ಲೇಸು.

2. ಊರಿನಿಂದ ತಂದೆತಾಯಿಗಳನ್ನು ಕರೆಸಿಕೊಳ್ಳುವವರು ಸಾಧ್ಯವಾದರೆ ಫೆಬ್ರವರಿಯ ಕೊನೆ ಮತ್ತು ಮಾರ್ಚ್ ತಿಂಗಳನ್ನು ಆರಿಸಿಕೊಳ್ಳಬೇಕು.

3. ಮನೆಗೆ ಗಾಳಿಯಾಡಿಸಲು ಕಿಟಕಿಗಳನ್ನು ಬೆಳಗಿನ ಬದಲು ಮಧ್ಯಾಹ್ನ ತೆರೆಯಬೇಕು.

4. ಹೊರಗೆ ಹೋಗಲೇಬೇಕಾದಾಗ ಎನ್-95 ಮುಖವಾಡವನ್ನು ಮೂಗಿಗೆ ಸರಿಯಾಗಿ ಹೊಂದಿಕೊಳ್ಳುವಂತೆ ಧರಿಸಬೇಕು. ಕರವಸ್ತ್ರದಿಂದ ಸೂಕ್ಷ್ಮ ಕಣಗಳು ನಿಲ್ಲುವುದಿಲ್ಲ.

5. ಮುಚ್ಚಿದ ಕೋಣೆಯಲ್ಲಿ ಧೂಪ, ಊದುಬತ್ತಿ, ಸೊಳ್ಳೆಬತ್ತಿಗಳನ್ನು ಮಿತಿಗೊಳಿಸಬೇಕು. ಅಂಗೀಠಿಯನ್ನು ಎಂದೂ ಇಡಬಾರದು. ಕಾವಲುಗಾರನಿಗೂ ಮನೆಗೆಲಸದವರಿಗೂ ಇದನ್ನು ತಿಳಿಸಬೇಕು.

6. ಆಕ್ಸಿಮೀಟರ್ ಹಿಡಿಯುವಾಗ ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣವಿರಬಾರದು. ವಿಶ್ರಾಂತಿಯಲ್ಲಿದ್ದಾಗಲೂ ಸಂಖ್ಯೆ ಮತ್ತೆ ಮತ್ತೆ 94ಕ್ಕಿಂತ ಕೆಳಗೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸಂಖ್ಯೆ ಚೆನ್ನಾಗಿದ್ದು ಉಸಿರಾಟ ಕಷ್ಟವಾಗಿದ್ದರೂ ಕಾಣಬೇಕು.

7. ಲೇಸರ್ ಕಡ್ಡಿಗಳನ್ನು ಆಟಿಕೆಯಾಗಿ ಕೊಳ್ಳಬಾರದು. ಕಣ್ಣಿಗೆ ಕಿರಣ ಬಿದ್ದ ಮೇಲೆ ಮಸುಕು ಅಥವಾ ಕಪ್ಪು ಚುಕ್ಕೆ ಉಳಿದರೆ ಕಣ್ಣನ್ನು ಉಜ್ಜದೆ ಕೂಡಲೇ ನೇತ್ರತಜ್ಞರಿಗೆ ತೋರಿಸಬೇಕು. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿರುವ ಡಾ. ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರವು ಈ ಬಗೆಯ ಚಿಕಿತ್ಸೆಗೆ ಹೆಸರಾದುದು.

ಲೇಸರ್ ರಾಡಾರ್ ಗಾಳಿಯನ್ನು ಶುದ್ಧಿಗೊಳಿಸದು. ಅದು ಲೆಕ್ಕ ತಪಾಸಣೆ ಮಾಡುವವನಂತೆ ಇದ್ದುದನ್ನು ಇದ್ದಂತೆ ಬರೆದಿಡುತ್ತದೆ. ತಪಾಸಣೆಯ ವರದಿಯನ್ನು ಓದದೆ ಕಪಾಟಿನಲ್ಲಿಟ್ಟರೆ ಸಂಸ್ಥೆಗೆ ಆಗುವ ಗತಿಯೇ ನಮ್ಮ ಶರೀರಕ್ಕೂ ಆಗುವುದು. ಹೊಗೆಯನ್ನು ಕಡಿಮೆ ಮಾಡುವುದು ಸರ್ಕಾರವೂ ಸಮಾಜವೂ ಕೂಡಿ ಮಾಡಬೇಕಾದ, ದೀರ್ಘಕಾಲ ಹಿಡಿಯುವ ಕೆಲಸ. ಮುಚ್ಚಳ ಮೇಲಿರುವ ಹೊತ್ತನ್ನು ತಿಳಿದು ನಡೆದುಕೊಳ್ಳುವುದಾದರೋ ನಮ್ಮ ಕೈಯಲ್ಲೇ ಇದೆ. ಅದಕ್ಕೆ ಖರ್ಚೂ ಇಲ್ಲ. ಈ ಚಳಿಗಾಲದಲ್ಲಿ ನಮ್ಮ ಹಿರಿಯರು ಮಧ್ಯಾಹ್ನದ ಎಳೆಬಿಸಿಲಿನಲ್ಲಿ ಉದ್ಯಾನಗಳಲ್ಲಿ ಕಲೆತು, ನಾಲ್ಕು ಹೆಜ್ಜೆ ನಡೆದು, ನಾಲ್ಕು ಕನ್ನಡದ ಮಾತನಾಡಿ ಆರೋಗ್ಯದಿಂದಿರಲಿ ಎಂದು ಹಾರೈಸುತ್ತೇನೆ.